ಚಿಕ್ಕಪ್ಪನ ಅರ್ಧ ವಾಕ್ಯ

ನಮ್ಮ ಚಿಕ್ಕಪ್ಪನಿಗೆ ಈ ಲೋಕದಲ್ಲಿ ನಡೆದದ್ದು ಯಾವುದೂ ರುಚಿಸುತ್ತಿರಲಿಲ್ಲ. ಅವರದೆಲ್ಲ ನಡೆಯದೇ ಇದ್ದದ್ದರ ವ್ಯಾಪಾರ! ಮದುವೆಯಾಗದೆ ನಮ್ಮ ಜೊತೆಯಲ್ಲೇ ಉಳಿದಿದ್ದ ಅವರು, ತೊಂಬತ್ತರ ದಶಕದಲ್ಲಿ ತುಮಕೂರಿನ ಶಿರಾ ಗೇಟಿನ ನಮ್ಮ ಮನೆಯ ಜಗಲಿ ಮೇಲೆ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳುತ್ತಿದ್ದರು. ಅವರು ‘ಇಫ್’ ಎಂದು ಅರ್ಧ ವಾಕ್ಯ ಎಸೆಯಬೇಕು, ಉಳಿದರ್ಧ ಮಕ್ಕಳು ಹೇಳಬೇಕು. ಪಾಠವೆಂದರೆ ಇಷ್ಟೇ.

ಪಕ್ಕದ ಮನೆ ಟೈಲರ್ ಸಾಬರ ಮಗಳು ಸಲ್ಮಾಗೆ, ಅವಳು ತುಮಕೂರಿಗೆ ಡಿ.ಸಿ. ಆಗಿದ್ದಿದ್ದರೆ ಎಂಬ ವಾಕ್ಯ. ಹಾಲಿನವರ ಹುಡುಗನಿಗೆ, ಕುಣಿಗಲ್ ಕೆರೆಯೆಲ್ಲ ಹಾಲಾಗಿದ್ದಿದ್ದರೆ ಎಂಬುದು. “ಐ ವುಡ್ ಆಡ್ ವಾಟರ್, ಸಾರ್” ಎಂದ ಆ ಹುಡುಗ. ಚಿಕ್ಕಪ್ಪ ಬೆನ್ನು ತಟ್ಟಿದರು.

ನನಗೆ? ನಾನೂ ಅದೇ ಚಾಪೆಯ ಮೇಲೆ ಕೂತವಳಲ್ಲವೇ?

“ಚಿಕ್ಕಪ್ಪಾ, ನಂಗೆ?”

“ನಿಂಗ್ಯಾಕೆ ಬುಡೇ, ಮನೆ ಮಗ್ಳು. ಹೋಗಿ ಕಾಫಿ ತಗಂಬಾ.”

ಅಡಿಗೆಮನೆಯಲ್ಲಿ ಒಲೆಗಿಂತ ನನ್ನ ಹೊಟ್ಟೆಯೇ ಹೆಚ್ಚು ಉರಿಯುತ್ತಿತ್ತು. ಡಿ.ಸಿ. ನಾನಾಗಿದ್ದಿದ್ದರೆ ಮೊದಲು ಸಲ್ಮಾಳನ್ನೇ ಗುಬ್ಬಿಗೆ ವರ್ಗ ಮಾಡುತ್ತಿದ್ದೆ!

ಗುಬ್ಬಿ ಎಂದಾಗ ನೆನಪಾಯಿತು. ಅಣ್ಣನಿಗೆ ಹೆಣ್ಣು ನೋಡಲು ಅಲ್ಲಿಗೆ ಹೋಗಿದ್ದೆವು. ಉಪ್ಪಿಟ್ಟು ತಂದ ಹುಡುಗಿಯನ್ನೂ ಚಿಕ್ಕಪ್ಪ ಬಿಡಲಿಲ್ಲ.

“ನಮ್ಮ ಹುಡುಗ ಮೂಗ ಆಗಿದ್ದಿದ್ರೆ ಏನ್ ಮಾಡ್ತಿದ್ದೆ ತಾಯಿ?”

ಹುಡುಗಿ ಅಣ್ಣನ ಕಡೆ ನೋಡಿ, “ಈಗ ಮಾತಾಡ್ತಾರಾ?” ಎಂದಳು.

ಚಿಕ್ಕಪ್ಪ ಅಲ್ಲೇ ಹೆಣ್ಣು ಒಪ್ಪಿಬಿಟ್ಟರು. ಅಣ್ಣನನ್ನು ಯಾರೂ ಕೇಳಲಿಲ್ಲ. ನೋಡಿ, ಇನ್ನೂ ಹೊಸಿಲು ತುಳಿಯದ ಅತ್ತಿಗೆಗೂ ಒಂದು ವಾಕ್ಯ ಸಿಕ್ಕಿತು, ಹುಟ್ಟಿದಾಗಿನಿಂದ ಅವರ ಬೆರಳು ಹಿಡಿದವಳಿಗೆ ಬರೀ ಕಾಫಿ ಲೋಟ! ಅತ್ತಿಗೆಯ ಜೊತೆ ನಾನು ನೆಟ್ಟಗೆ ಮಾತಾಡಲು ಒಂದು ಯುಗಾದಿ ಕಳೆಯಬೇಕಾಯಿತು.

ಕೆಲವು ವರ್ಷಗಳ ನಂತರ ನನಗೆ ಕುಣಿಗಲ್ ತಾಲ್ಲೂಕು ಆಫೀಸಿನಲ್ಲಿ ಕೆಲಸ ಸಿಕ್ಕಿತು. ಅಲ್ಲೇ ಮನೆ ಮಾಡಲು ಹೊರಟೆ. ಬಸ್ ಹತ್ತಿಸಲು ಬಂದ ಚಿಕ್ಕಪ್ಪ ಕಿಟಕಿಯ ಹತ್ತಿರ ಬಂದು ನಿಂತರು. ಡ್ರೈವರ್ ಗಾಡಿ ಸ್ಟಾರ್ಟ್ ಮಾಡಿದ.

“ಇಫ್ ಐ ಹ್ಯಾಡ್ ಎ ಡಾಟರ್...” ಎಂದರು. ಅಷ್ಟೇ.

ತಮಗೊಬ್ಬ ಮಗಳಿದ್ದಿದ್ದರೆ! ಉಳಿದರ್ಧ ನಾನು ಹೇಳಬೇಕು. ಇಷ್ಟು ವರ್ಷ ಕಾದಿದ್ದ ವಾಕ್ಯ ಕೈಗೆ ಬಂದಾಗ ಕಲಿತ ಇಂಗ್ಲಿಷೆಲ್ಲ ಕೈಕೊಟ್ಟಿತು.

“ನನ್ನ ನೋಡಿ ದಿನಾ ಹೊಟ್ಟೆ ಉರ್ಕೊಳ್ಳೋಳು, ಚಿಕ್ಕಪ್ಪ” ಎಂದೆ.

“ಕರೆಕ್ಟು ಕಣೇ” ಎಂದು, ಕಿಟಕಿಯ ಸರಳು ಹಿಡಿದಿದ್ದ ನನ್ನ ಕೈಯನ್ನು ಬಸ್ಸು ಹೊರಡುವವರೆಗೂ ತಟ್ಟುತ್ತಲೇ ಇದ್ದರು.