ಸರಳರೇಖೆಯಲ್ಲಿ ಶಾಲೆಗೆ ಹೋಗಬೇಕಾದ ಮಗಳ ಕುರಿತು

ಶಾಲಾ ಬಸ್ಸಿನ ಸೀಟು ಹಂಚುವ ಅಧಿಕಾರಿ ಮಹೋದಯರ ಸನ್ನಿಧಿಗೆ,

ಮಾನ್ಯರೇ,

ಆರರ ವರ್ಗ ಮೂವತ್ತಾರು, ಎಂಟರ ವರ್ಗ ಅರವತ್ತನಾಲ್ಕು, ಕೂಡಿದರೆ ನೂರು, ನೂರರ ವರ್ಗಮೂಲ ಹತ್ತು ಎಂಬ ಮಹತ್ವದ ಸಂಗತಿಯನ್ನು ಸಮಸ್ತ ನಾಗರಿಕರಿಗೆ ಸಾರಲು ನನಗೆ ಅತೀವ ಹರ್ಷವಾಗುತ್ತಿದೆ. ತಾವು ಊರಿನ ನಕ್ಷೆಯ ಮೇಲೆ ಚೌಕಗಳನ್ನು ಎಳೆದು, ನಮ್ಮ ಮನೆಯನ್ನು (೨, ೧) ಎಂಬ ಬಿಂದುವಾಗಿಯೂ ಶಾಲೆಯನ್ನು (೮, ೯) ಎಂಬ ಬಿಂದುವಾಗಿಯೂ ಗುರುತಿಸಿ, ಚೌಕಕ್ಕೆ ನೂರು ಮೀಟರಿನಂತೆ ದೂರ ಸರಿಯಾಗಿ ಒಂದು ಕಿಲೋಮೀಟರ್ ಎಂದು ಕಂಡುಹಿಡಿದು, ಅದಕ್ಕಿಂತ ಹೆಚ್ಚು ದೂರದವರಿಗೆ ಮಾತ್ರ ಸೀಟು ಎಂಬ ನಿಯಮದಂತೆ ನನ್ನ ಮಗಳ ಅರ್ಜಿಯನ್ನು ತಿರಸ್ಕರಿಸಿದ ಚೆಂದ ನೋಡಲು ಎರಡು ಕಣ್ಣು ಸಾಲದು. ಲೆಕ್ಕದಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ. ಹತ್ತನೇ ತರಗತಿಯ ಮಗಳೇ ಪರಿಶೀಲಿಸಿ, "ಸರಿಯಾಗೇ ಇದೆ ಅಪ್ಪಾ" ಎಂದು ಅತ್ತಳು.

ತೊಂದರೆ ಇಷ್ಟೇ. ತಮ್ಮ ಗೆರೆಯು ಪಕ್ಕದ ಮನೆಯವರ ಬಚ್ಚಲನ್ನೂ, ಹಲ್ಲಿನ ಡಾಕ್ಟರರ ಕುರ್ಚಿಯಲ್ಲಿ ಬಾಯಿ ತೆರೆದು ಕೂತವರನ್ನೂ, ಆಮೇಲೆ ಗೂಡ್ಸ್ ರೈಲುಗಳ ಇಡೀ ಯಾರ್ಡನ್ನೂ ಹಾದುಹೋಗುತ್ತದೆ. ಮನುಷ್ಯಳಾಗಿ ಹುಟ್ಟಿದ ತಪ್ಪಿಗೆ ಮಗಳು ಯಾರ್ಡಿನ ಗೋಡೆ ಸುತ್ತಿಕೊಂಡು ಮೂರು ಕಿಲೋಮೀಟರ್ ನಡೆಯುತ್ತಾಳೆ. ಅರ್ಧ ಖಾಲಿಯಿರುವ ತಮ್ಮ ಬಸ್ಸು ದಿನವೂ ಅವಳ ಪಕ್ಕದಲ್ಲೇ ಹಾರ್ನ್ ಹೊಡೆದು ಮುಂದೆ ಸಾಗುತ್ತದೆ. ಇನ್ನು ಮೂರು ದಿನ ತಡವಾಗಿ ಬಂದರೆ ಪರೀಕ್ಷೆಗೆ ಕೂರಿಸುವುದಿಲ್ಲವೆಂದು ಹೆಡ್‌ಮಾಸ್ತರರು ಬರೆದು ಕಳಿಸಿದ್ದಾರೆ. ಅವಳಿಗೆ ತಪ್ಪಿಹೋಗುತ್ತಿರುವ ಮೊದಲ ಪಿರಿಯಡ್ಡು ಗಣಿತ.

ಆದಕಾರಣ ಬಚ್ಚಲಿಗೆ ಎದುರುಬದುರಾಗಿ ಎರಡು ಬಾಗಿಲು, ಹಲ್ಲುನೋವಿನವರಿಗೆ ಸ್ವಲ್ಪ ಬಗ್ಗಿ ಕೂರುವಂತೆ ಸುತ್ತೋಲೆ, ರೈಲುಗಳಿಗೆ ಬೆಳಗ್ಗೆ ಎಂಟೂವರೆಗೆ ಚಕ್ರ ಎತ್ತಿಕೊಂಡು ನಿಲ್ಲುವಂತೆ ಆದೇಶ ದಯಪಾಲಿಸಬೇಕು. ಅದೂ ಆಗದಿದ್ದರೆ, "ಬಸ್ಸು ಹಾಳಾಗ್ಲಿ ಕಣೋ, ಒಂದ್ ಜೊತೆ ರೆಕ್ಕೆ ಕೇಳು" ಎಂಬ ನನ್ನ ತಾಯಿಯವರ ಸಲಹೆಯಂತೆ ರೆಕ್ಕೆಯನ್ನಾದರೂ ಮಂಜೂರು ಮಾಡಬೇಕು. ಹೊಲಿಗೆ ನನ್ನದೇ ಇರಲಿ; ಇಪ್ಪತ್ತು ವರ್ಷದಿಂದ ದರ್ಜಿಯಾಗಿದ್ದೇನೆ, ಗರಿ ಜೋಡಿಸುವುದೇನು ಮಹಾ.

ತಮ್ಮ ವಿಶ್ವಾಸಿ,
ಬಿಂದು (೨, ೧)ರ ನಿವಾಸಿ

ವಿ.ಸೂ.: ತಾವು ಹೊಲಿಯಲು ಕೊಟ್ಟಿದ್ದ ಪ್ಯಾಂಟು ಸಿದ್ಧವಾಗಿದೆ. ಇಷ್ಟು ವರ್ಷ ಟೇಪನ್ನು ಗಿರಾಕಿಗಳ ಹೊಟ್ಟೆಯ ಸುತ್ತ ಹಿಡಿದು ಸುಮ್ಮನೆ ಬಟ್ಟೆ ದಂಡ ಮಾಡುತ್ತಿದ್ದೆ. ಈ ಸಲ ತಮ್ಮ ಸೂತ್ರದಂತೆ ಹೊಕ್ಕುಳು ಒಂದು ಬಿಂದು, ಬೆನ್ನು ಇನ್ನೊಂದು ಬಿಂದು, ನಡುವೆ ಸರಳರೇಖೆ. ಲೆಕ್ಕದಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ. ತೊಟ್ಟು ನೋಡಲು ಬರುವಾಗ ದಯವಿಟ್ಟು ಮಗಳ ಬಸ್ ಪಾಸನ್ನೂ ಜೇಬಿನಲ್ಲಿಟ್ಟುಕೊಂಡು ಬನ್ನಿ. ಮಿಕ್ಕ ಬಟ್ಟೆಯನ್ನು ಜೋಪಾನವಾಗಿ ಎತ್ತಿಟ್ಟಿದ್ದೇನೆ.