ಚಂದ್ರನ ಜಾಡಿಗೊಂದು ಬೆಣೆ

ಮಣ್ಣು ಮುಟ್ಟಿ ಗೊತ್ತಿಲ್ಲದ ನಾನು ಈ ಕತೆ ಹೇಳಲು ಹೊರಟಿರುವುದೇ ಅಧಿಕಪ್ರಸಂಗ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಎಲ್ಲ ಶುರುವಾದದ್ದು ಒಂದು ಜಾಡಿ ಹೆಬ್ಬೆರಳಿನಷ್ಟು ವಾಲಿದ್ದರಿಂದ.

ಅದನ್ನು ಮಾಡಿದವಳು ಬೀದಿಯವರ ಬಾಯಲ್ಲಿ ‘ಸೊಟ್ಟಕ್ಕ’. ಹನ್ನೆರಡು ವರ್ಷದ ಹಿಂದೆ ಸಂಜೆ ತರಗತಿಯಲ್ಲಿ ಅವಳು ಕೊರಿಯಾದ ಹಳೆಯ ಬಿಳಿ ಜಾಡಿಯೊಂದರ ಚಿತ್ರ ನೋಡಿದ್ದಳು. ಎರಡು ದೊಡ್ಡ ಬೋಗುಣಿಗಳನ್ನು ಬಾಯಿಗೆ ಬಾಯಿ ಕೂಡಿಸಿ ಮಾಡಿದ್ದು. ಕೂಡಿದ ಕಡೆ ತುಸು ಸೊಟ್ಟ, ಹುಣ್ಣಿಮೆಗೆ ಒಂದು ದಿನ ಮುಂಚಿನ ಚಂದ್ರನ ಹಾಗೆ. ಅವತ್ತಿನಿಂದ ಅವಳ ಚಕ್ರದಿಂದ ನೆಟ್ಟಗಿನ ಪಾತ್ರೆ ಇಳಿದಿಲ್ಲ.

ಅವಳ ಹೊಸ ಜಾಡಿಯನ್ನು ನೋಡಲು ಒಂದು ಸಂಜೆ ಕಲಾಶಾಲೆಯ ಹಿರಿಯ ಮೇಷ್ಟ್ರು ಬರುವವರಿದ್ದರು. ಮೆಚ್ಚಿದರೆ ಆರು ತಿಂಗಳು ಕೊರಿಯಾದಲ್ಲಿ ಕಲಿಕೆ. ಮೆಚ್ಚದಿದ್ದರೆ ಅವಳ ಚಕ್ರ, ಭಟ್ಟಿ ಎಲ್ಲ ಹೊರಗೆ. ಹಿಂದಿನ ಕೋಣೆಗೆ ಅತ್ತೆಯ ಹೊಲಿಗೆ ಯಂತ್ರ. ಹಾಗೆಂದು ಅತ್ತೆ ಸೊಸೆಯರಲ್ಲಿ ಮಾತಾಗಿತ್ತು.

“ಬಂದವರ ಮುಂದೆ ಇದನ್ನ ಇಡ್ತೀಯೇನೇ? ಹಲ್ಲುನೋವು ಬಂದ ಕೆನ್ನೆ ಥರ ಊದಿದೆ!” ಎಂದರು ಅತ್ತೆ.

“ಊದಲಿ ಅತ್ತೆ. ಅದು ಇರಬೇಕಾದ್ದೇ ಹಾಗೆ.”

ಸೊಟ್ಟಕ್ಕ ಸ್ನಾನಕ್ಕೆ ಹೋದದ್ದೇ ತಡ, ಅತ್ತೆ ಪಕ್ಕದ ಮನೆಯ ಬಡಗಿಯನ್ನು ಕರೆದರು. ಅವನು ಊದಿದ ಕಡೆಯನ್ನು ಗೋಡೆಗೆ ತಿರುಗಿಸಿದ. ವಾಲುವ ಬದಿಯ ತಳಕ್ಕೆ ಮರದ ಬೆಣೆಯೊಂದನ್ನು ಕೆತ್ತಿ ಕೊಟ್ಟು, ಮೇಜಿಗೆ ಸೇರಿಸಿ ಅಂಟು ಹಾಕಿಬಿಟ್ಟ.

ಅವಳು ಬಂದು ನೋಡಿದರೆ ಜಾಡಿ ಕವಾಯತಿಗೆ ನಿಂತ ಹಾಗೆ ನಿಂತಿದೆ!

“ಯಾರು ಮಾಡಿದ್ದು ಇದನ್ನ?”

“ನಾನೇ ಕಣಕ್ಕ. ಥ್ಯಾಂಕ್ಸ್ ಎಲ್ಲ ಬೇಡ,” ಎಂದ ಬಡಗಿ, ನಾಚಿಕೊಂಡು.

ಎಳೆದಳು. ಅಲುಗಲಿಲ್ಲ. ಅಷ್ಟರಲ್ಲಿ ಕರೆಗಂಟೆ ಬಡಿಯಿತು.

ಮೇಷ್ಟ್ರು ಕೈ ಹಿಂದೆ ಕಟ್ಟಿ ನೋಡಿದರು. “ನೆಟ್ಟಗಿದೆ. ತುಂಬಾನೇ ನೆಟ್ಟಗಿದೆ. ಸೊಟ್ಟ ಮಾಡೋಕೆ ಧೈರ್ಯ ಬೇಕಮ್ಮ.”

ಹನ್ನೆರಡು ವರ್ಷದಲ್ಲಿ ಈ ಬೈಗುಳ ಅವಳಿಗೆ ಬಿದ್ದದ್ದು ಇದೇ ಮೊದಲು. ಅವಳು ತೋಳೇರಿಸಿ, ಜಾಡಿಯ ಸಮೇತ ಮೇಜನ್ನೇ ಎತ್ತಿ ತಿರುಗಿಸಿದಳು.

“ಈಗ ನೋಡಿ ಸಾರ್! ಬೇಕಿದ್ರೆ ಒಪ್ಪಿ, ಬೇಡದಿದ್ರೆ ಬಿಡಿ. ನೆಟ್ಟಗೆ ಮಾತ್ರ ನಾನು ಮಾಡೋಳಲ್ಲ.”

ಮೇಷ್ಟ್ರು ಬಗ್ಗಿದರು. ಕನ್ನಡಕ ಏರಿಸಿದರು. ಅವರ ಕಣ್ಣು ತುಂಬಿ ಬಂತು.

“ಈ ಬೆಣೆ ಕೆತ್ತಿದ್ದು ಯಾರು?”

“ತಪ್ಪಾಯ್ತು ಸಾರ್,” ಬಡಗಿ ತೊದಲಿದ. “ಅಳತೆಪಟ್ಟಿ ಸಿಗಲಿಲ್ಲ, ಕಣ್ಣಂದಾಜಲ್ಲೇ ಕೆತ್ಬಿಟ್ಟೆ. ಎಲ್ಲಾ ಕಡೇನೂ ಸೊಟ್ಟ.”

“ಇದಪ್ಪಾ ಧೈರ್ಯ!” ಎಂದರು ಮೇಷ್ಟ್ರು.

ಕೊರಿಯಾಕ್ಕೆ ಬಡಗಿ ಆಯ್ಕೆಯಾದ.

ಅತ್ತೆ ಆಗಲೇ ಹೊಲಿಗೆ ಯಂತ್ರವನ್ನು ಕೋಣೆಯ ಕಡೆ ತಳ್ಳಿಕೊಂಡು ಹೊರಟಿದ್ದರು. ಸೊಟ್ಟಕ್ಕ ಚಕ್ರವನ್ನು ಬಾಗಿಲಿಗೇ ಎಳೆದುಕೊಂಡು ಅಡ್ಡ ಕೂತಳು.

“ಮಾತು ಕೊಟ್ಟಿದ್ದೆ ಕಣೇ ನೀನು!”

“ನೆಟ್ಟಗೆ ನಡ್ಕೊಳ್ಳೋಕೂ ನನಗೆ ಬರಲ್ಲ ಅತ್ತೆ. ದಾಟೋ ಹಾಗಿದ್ರೆ ನನ್ನ ಮೇಲೆ ಹತ್ತಿಸ್ಕೊಂಡು ಹೋಗಿ,” ಎಂದು ಮಣ್ಣಿನ ಮುದ್ದೆಯನ್ನು ಚಕ್ರದ ಮೇಲೆ ಧೊಪ್ಪನೆ ಬಡಿದಳು. “ಈ ಸಲದ್ದು ಯಾವ ಬೆಣೆಗೂ ಬಗ್ಗಲ್ಲ, ನೋಡ್ತಿರಿ!”

ಮೇಷ್ಟ್ರು ಆ ಸಂಜೆ ಜಾಡಿಯ ಊದಿದ ಬದಿಯ ಕಡೆ ನಿಜವಾಗಿ ಕಣ್ಣು ಹಾಯಿಸಿದರೋ ಇಲ್ಲವೋ, ಯಾರೂ ಕೇಳಲಿಲ್ಲ. ನನಗೂ ಗೊತ್ತಿಲ್ಲ.