ತುಹಾಮಿಗೆ ಕೈಕೊಟ್ಟ ಮೊಣಕೈ

"ಇವತ್ತು ಚಹಾ ಸುರಿಯೋದು ನಾನೇ! ಗಂಡಿನ ತಾಯಿ ನೋಡಿ ದಂಗಾಗಿಬಿಡಬೇಕು!" ಮೆಕ್ನೆಸ್ ಊರಿನ ತನ್ನ ಮನೆಯ ನಡುಮನೆಯಲ್ಲಿ ನಿಂತು ತುಹಾಮಿ ಘೋಷಿಸಿದ.

"ದಂಗಾಗೋದು ಆಮೇಲೆ. ಮೊದಲು ಅಂಗಿ ಗುಂಡಿ ಸರಿಯಾಗಿ ಹಾಕ್ಕೊಳ್ಳಿ," ಎಂದಳು ಹೆಂಡತಿ ಬತೂಲ್.

ಗುಂಡಿಯ ವಿಷಯ ಹೇಗೇ ಇರಲಿ, ಚಹಾದಲ್ಲಿ ತುಹಾಮಿ ಚಕ್ರವರ್ತಿ! ಹೂಜಿಯನ್ನು ತಲೆಯ ಮಟ್ಟಕ್ಕೆತ್ತಿ, ಊರ ಸುದ್ದಿ ಹರಟುತ್ತಲೇ, ಪುದೀನ ಚಹಾವನ್ನು ಬೆರಳುದ್ದದ ಲೋಟಕ್ಕೆ ನೊರೆಯೇಳುವಂತೆ ಇಳಿಸುತ್ತಿದ್ದ. ಕಣ್ಣು ಅತ್ತ ಹಾಯಿಸಿದವನೇ ಅಲ್ಲ. ಮಗಳು ಕೆಂಜಾಳ ಮದುವೆ ಆ ನೊರೆಯ ಮೇಲೇ ನಿಂತಿದೆ ಎಂದು ಅವನ ಲೆಕ್ಕ.

ಗಂಡಿನ ತಾಯಿ ಹನಿಯಾ ಬಂದರು, ಕೂತರು. ಮೊದಲ ಎರಡು ಲೋಟ ಅಮೋಘ! ಹನಿಯಾ ಬೆರಗಾಗಿ ಕೇಳಿದರು: "ನೋಡದೇ ಸುರೀತೀರಲ್ಲ ಅಣ್ಣಾ, ನಿಮ್ಮ ಕೈ ಎಲ್ಲಿದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?"

ಕೆಟ್ಟಿತು! ನಲವತ್ತು ವರ್ಷದಲ್ಲಿ ತುಹಾಮಿ ಅದನ್ನು ಯೋಚಿಸಿರಲೇ ಇಲ್ಲ. ಮೂರನೇ ಲೋಟಕ್ಕೆ ಹೂಜಿ ಎತ್ತಿದ. ಹೌದಲ್ಲ, ಮೊಣಕೈ ಒಳಗಿರಬೇಕೋ, ಹೊರಗೋ? ಮಣಿಕಟ್ಟು ಮೊದಲು ತಿರುಗುತ್ತೋ, ಹೆಗಲೋ? ಗಮನ ಕೊಟ್ಟಷ್ಟೂ ಕೈ ಪಕ್ಕದ ಮನೆಯವರಿಂದ ಎರವಲು ತಂದಂತಾಯಿತು. ಇಷ್ಟು ವರ್ಷ ಕೈಹಿಡಿದ ಕೈಯೇ ಕೈಕೊಟ್ಟಿತು! ಚಹಾದ ಧಾರೆ ಲೋಟ ದಾಟಿ, ಬಾದಾಮಿ ಬಿಸ್ಕತ್ತು ದಾಟಿ, ಹನಿಯಾರ ಪಕ್ಕದಲ್ಲಿ ಬಾಯಿ ತೆರೆದು ಕೂತಿದ್ದ ಕೈಚೀಲದೊಳಗೆ ಬಿತ್ತು. ಒಂದು ಹನಿಯೂ ಆಚೆ ಹೋಗಲಿಲ್ಲ!

"ಅಯ್ಯೋ, ನನ್ನ ಕನ್ನಡಕ!"

"ಬಟ್ಟೆ ತರ್ತೀನಿ!" ಎಂದು ತುಹಾಮಿ ತಿರುಗಿದ. ಯಾವ ಕಾಲು ಮೊದಲು ಇಡೋದು? ಬಲವೋ, ಎಡವೋ? ಎರಡೂ ಒಟ್ಟಿಗೇ ಹೊರಟವು. ಧೊಪ್ಪನೆ ಬಿಸ್ಕತ್ತಿನ ತಟ್ಟೆಯ ಮೇಲೆ ಆಸೀನನಾದ.

ಬಾಗಿಲ ಮರೆಯಲ್ಲಿದ್ದ ಕೆಂಜಾ ಮುಖ ಮುಚ್ಚಿಕೊಂಡಳು. 'ಮುಗೀತು, ಮಗಳ ಬಾಳನ್ನೇ ಚೆಲ್ಲಿಬಿಟ್ಟೆ' ಎಂದುಕೊಂಡ ತುಹಾಮಿ.

ಹನಿಯಾ ಒದ್ದೆ ಕನ್ನಡಕ ಏರಿಸಿ, ಅವನನ್ನು ದಿಟ್ಟಿಸಿ, ಬಿದ್ದೂ ಬಿದ್ದೂ ನಕ್ಕರು. "ನಮ್ಮ ಯಜಮಾನರು ಅಳಿಯನಾಗಿ ಬಂದ ಮೊದಲ ದಿನವೇ ನಮ್ಮ ತವರಿನ ಅಂಗಳದ ಕಾರಂಜಿಗೆ ಬಿದ್ದಿದ್ರು! ಸಂಬಂಧ ಹೊಂದುತ್ತೆ, ಬತೂಲ್. ದಿನ ಹೇಳಿ."

"ದ್ರಾಕ್ಷಿ ಕೊಯ್ಲು ಮುಗಿದ ಶುಕ್ರವಾರ ಆಗಬಹುದಾ?" ಎನ್ನುತ್ತ ಬತೂಲ್ ಹೂಜಿ ಎತ್ತಿದಳು. ಗಂಡನಿಗಿಂತ ಒಂದು ಗೇಣು ಮೇಲಕ್ಕೆ! ಕಣ್ಣು ಹನಿಯಾರ ಮೇಲೆ, ಮಾತು ಮದುವೆಯ ಮೇಲೆ, ಚಹಾ ನೇರ ಲೋಟಕ್ಕೆ.

ನೆಲದ ಮೇಲಿಂದಲೇ ತುಹಾಮಿ ಬಾಯಿ ಬಿಟ್ಟ. "ನಿನಗೂ ಬರುತ್ತಾ? ಇಷ್ಟು ವರ್ಷ ಒಂದು ಮಾತು ಹೇಳಲಿಲ್ಲವಲ್ಲೇ!"

"ಈ ಮನೇಲಿ ನಿಮಗೆ ಬರ್ತಿದ್ದದ್ದು ಅದೊಂದೇ ಕೆಲಸ," ಎಂದಳು ಬತೂಲ್. "ಅದನ್ನೂ ಯಾಕೆ ಕಿತ್ಕೊಳ್ಳೋದು ಅಂತ ಸುಮ್ಮನಿದ್ದೆ!"